ಒಂದೇ ಕೈಯ ಗಂಟು

ನಾನು ಒಣದ್ರಾಕ್ಷಿ ವ್ಯಾಪಾರದವನು. ತಿಕೋಟಾದ ಶೆಡ್ಡುಗಳಲ್ಲಿ ಮಾಲು ಹಿಡಿದು ವಿಜಯಪುರಕ್ಕೆ ತಂದು, ಅಲ್ಲಿಂದ ಬೇರೆ ಊರುಗಳಿಗೆ ಕಳಿಸುತ್ತೇನೆ. ಸೊಲ್ಲಾಪುರ ರಸ್ತೆಯಲ್ಲಿ ಒಂದು ಗೋಡೌನು, ಅದರ ಹಿಂದೆಯೇ ಮನೆ. ಈ ಕಸುಬಿನಲ್ಲಿ ಎಲ್ಲರನ್ನೂ ನಂಬುವವನು ಬಹಳ ಹಂಗಾಮು ಕಾಣುವುದಿಲ್ಲ. ಬಾಕ್ಸು ಬಿಚ್ಚಿದ ಕೂಡಲೇ ಮೇಲೆ ಕಾಣುವ ಮಾಲು ಯಾವಾಗಲೂ ಚೆಂದವೇ ಇರುತ್ತದೆ. ನಾನು ಅದರ ಮುಖವನ್ನೂ ನೋಡದೆ, ತೋಳು ಮಡಚಿ ಕೈಯನ್ನು ಸೀದಾ ತಳಕ್ಕೆ ಇಳಿಸುತ್ತೇನೆ. ಮನುಷ್ಯರ ವಿಷಯದಲ್ಲೂ ನನ್ನದು ಇದೇ ಚಾಳಿ ಎಂದು ಹೆಂಡತಿ ಹೇಳುತ್ತಾಳೆ. ಮನೆಗೆ ಬಂದವರು ಚಪ್ಪಲಿ ಬಿಡುವುದರೊಳಗೆ ಇವರು ಯಾಕೆ ಬಂದಿರಬಹುದು ಎಂದು ಯೋಚಿಸಿ ಮುಗಿಸಿರುತ್ತೇನಂತೆ. ಅವಳ ಮಾತು ಸುಳ್ಳೇನಲ್ಲ.

ನಮಗೆ ಒಬ್ಬಳೇ ಮಗಳು. ತೊರವಿಯ ಆಚೆಗಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಹೋದ ವರ್ಷ ಶ್ರಾವಣದಲ್ಲಿ ತಾಯಿಯ ಕಿವಿಗೆ ಒಂದು ಮಾತು ಹಾಕಿದಳು. ಬಬಲೇಶ್ವರದ ಹುಡುಗ, ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದಾನೆ, ಶಾಲೆಯ ತೋಟಕ್ಕೆ ಪೈಪು ಎಳೆಯಲು ಬಂದಾಗ ಪರಿಚಯವಾದದ್ದು, ಮದುವೆಯಾದರೆ ಅವನನ್ನೇ. ನಮ್ಮದೇ ಸಮಾಜ, ದಾರಿಯೂ ಹತ್ತಿರ. ಇಷ್ಟೆಲ್ಲ ತಾನಾಗಿ ಕೂಡಿ ಬಂದರೆ ಬೇರೆ ತಂದೆಯರು ಕೈ ಮುಗಿಯುತ್ತಾರೆ. ನನಗೆ ನಿದ್ದೆ ಹತ್ತಲಿಲ್ಲ. ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸಿದೆ. ಕುಡಿಯುವುದಿಲ್ಲ ಅಂದರು, ಜಗಳಗಂಟನಲ್ಲ ಅಂದರು, ತಾಯಿಯ ಮಾತು ಕೇಳುತ್ತಾನೆ ಅಂದರು. ಒಬ್ಬರ ಬಾಯಿಂದಲೂ ಒಂದು ಕೆಟ್ಟ ಮಾತು ಬರದೇ ಹೋದಾಗ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಅವರ ಅಡ್ಡಹೆಸರು ಬೇರೆ, ನಮ್ಮದು ಬೇರೆ. ಆದರೆ ನಮ್ಮ ಕಡೆ ಅಡ್ಡಹೆಸರನ್ನು ನಂಬಿ ಸಂಬಂಧ ಮಾಡುವಂತಿಲ್ಲ. ಊರು ಬಿಟ್ಟು ಊರಿಗೆ ಹೋದವನಿಗೆ ಹೊಸ ಊರಿನವರು ಹೊಸದೊಂದು ಹೆಸರು ಅಂಟಿಸಿಬಿಡುತ್ತಾರೆ. ಬೆಡಗು, ಅಂದರೆ ಕುಲದ ಮೂಲ, ಕೇಳಿಸಿದರೆ ಅವರೂ ತಡವರಿಸಿದರು. ಖರೇ ಹೇಳಬೇಕೆಂದರೆ ನಾವೂ ತಡವರಿಸಿದೆವು. ಮರೆತವರು ಮರೆತವರನ್ನು ಏನು ಕೇಳುವುದು? ಹಾಗಾಗಿ ನವರಾತ್ರಿಯಲ್ಲಿ ಒಂದು ದಿನ ಅವರ ಮನೆ ನೋಡಿಕೊಂಡು ಬರುವುದು ಎಂದಾಯಿತು.

ಇಲ್ಲಿ ನಮ್ಮ ದಂಡಿನ ಅಜ್ಜನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆತ ನನ್ನ ಅಜ್ಜನ ಅಜ್ಜನೋ, ಅವನಿಗೂ ಹಿಂದಿನವನೋ ಯಾರಿಗೂ ಗೊತ್ತಿಲ್ಲ. ಹೆಸರೂ ಉಳಿದಿಲ್ಲ. ಉಳಿದದ್ದು ಇಷ್ಟು: ತಿಕೋಟಾದವನು, ಯಾವುದೋ ದಂಡಿನಲ್ಲಿ ಸಿಪಾಯಿಯಾಗಿದ್ದ, ಕಾಳಗದಲ್ಲಿ ಬಲಗೈ ಹೋಯಿತು. ಕೈ ಹೋದ ಮೇಲೂ ಪ್ರತಿ ದಸರೆಗೆ ಬುತ್ತಿ ಕಟ್ಟಿಸಿಕೊಂಡು ದಂಡಿಗೆ ಹೋಗುತ್ತಿದ್ದ, ಮಳೆಗಾಲದ ಹೊತ್ತಿಗೆ ಮರಳಿ ಬರುತ್ತಿದ್ದ. ಒಂದು ವರ್ಷ ಹೋದವನು ಬರಲಿಲ್ಲ.

ಅವನ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಒಂದು ಪದ್ಧತಿ ನಡೆದು ಬಂದಿದೆ. ಮಹಾನವಮಿ ಅಮಾವಾಸ್ಯೆಗೆ ಎಲ್ಲರೂ ಹಿರಿಯರಿಗೆ ಎಡೆ ಹಿಡಿಯುತ್ತಾರೆ, ನಾವೂ ಹಿಡಿಯುತ್ತೇವೆ. ಅದರ ಜೊತೆಗೆ ದಂಡಿನ ಅಜ್ಜನಿಗೆ ಬೇರೆಯಾಗಿ ಒಂದು ಬುತ್ತಿ. ಬಿಳಿ ಅರಿವೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಇಟ್ಟು ಗಂಟು ಕಟ್ಟಿ ಪಡಸಾಲೆಯ ಗೂಟಕ್ಕೆ ತೂಗುಹಾಕುತ್ತೇವೆ. ಬನ್ನಿ ಕೊಡುವ ದಿನ ಇಳಿಸಿ ಎತ್ತಿಗೆ ತಿನ್ನಿಸುತ್ತೇವೆ. ಗಂಟಿನಲ್ಲೇ ಇರುವುದು ಎಲ್ಲ. ಅದನ್ನು ಒಂದೇ ಕೈಯಿಂದ ಬಿಚ್ಚಲು ಬರಬೇಕು, ಅದೂ ಎಡಗೈಯಿಂದ. ಅದಕ್ಕಾಗಿ ಎಡಕ್ಕೆ ಒಂದು ಕುಣಿಕೆ ಬಿಟ್ಟು, ಅದರ ಬಾಲವನ್ನು ಕೆಳಗೆ ಇಳಿಬಿಟ್ಟಿರುತ್ತೇವೆ. ಜಗ್ಗಿದರೆ ಬುತ್ತಿ ತೆರೆದುಕೊಳ್ಳುತ್ತದೆ. ಕಟ್ಟುವುದು ಮನೆಯ ಹಿರಿಯ ಗಂಡಸು. ಬಲಗೈ ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈ ಮತ್ತು ಹಲ್ಲಿನಿಂದ ಕಟ್ಟಬೇಕು. ಅಜ್ಜ ಬಾರದೇ ಹೋದ ವರ್ಷ ಅವನ ಹೆಂಡತಿ ಸಿಟ್ಟಿನಲ್ಲಿ ಬುತ್ತಿ ಕಟ್ಟುವುದನ್ನು ಬಿಟ್ಟಳಂತೆ, ಮಗ ಕಟ್ಟಿದನಂತೆ. ಅಲ್ಲಿಂದ ಇದು ಗಂಡಸರ ಕೆಲಸವಾಯಿತು. ಈಗ ನಾನು ಕಟ್ಟುತ್ತೇನೆ. ಪ್ರತಿ ವರ್ಷ ಅರಿವೆಯ ಎಳೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಾಳೆ.

ಬಬಲೇಶ್ವರದ ಮನೆ ಅಗಸಿಯ, ಅಂದರೆ ಊರಬಾಗಿಲ, ಹತ್ತಿರ. ಹಳೇ ಕಟ್ಟಡ, ಆದರೆ ನೆಲಕ್ಕೆ ಹೊಸ ಫರ್ಸಿ ಕಲ್ಲು. ನನ್ನ ಹೆಂಡತಿಯನ್ನು ಹೆಂಗಸರು ಒಳಗೆ ಕರೆದೊಯ್ದರು. ನಾನು, ಹುಡುಗ, ಹುಡುಗನ ತಂದೆ ಪಡಸಾಲೆಯಲ್ಲಿ ಕೂತೆವು. ಹುಡುಗ ತಲೆ ತಗ್ಗಿಸಿಕೊಂಡು ಅವಲಕ್ಕಿ ಚೂಡಾದ ತಟ್ಟೆ ಮುಂದಿಟ್ಟ. ಅದೂ ಇದೂ ಮಾತಾಡುತ್ತ ನಾನು ತೊಲೆ ನೋಡಿದೆ, ಗೋಡೆ ನೋಡಿದೆ, ಗೂಟ ನೋಡಿದೆ. ಗೂಟದಲ್ಲಿ ಬಿಳಿ ಅರಿವೆಯ ಒಂದು ಗಂಟು ತೂಗುತ್ತಿತ್ತು. ಎಡಕ್ಕೆ ಕುಣಿಕೆ. ಕೆಳಗೆ ಇಳಿಬಿಟ್ಟ ಬಾಲ.

ನಮ್ಮ ಮನೆಯ ಗಂಟೇ. ಕೈಯಲ್ಲಿದ್ದ ಚೂಡಾ ಮರಳಿ ತಟ್ಟೆಗೆ ಹಾಕಿದೆ.

"ಅದೇನ್ರಿ, ಗೂಟಕ್ಕ ತೂಗ ಹಾಕೀರಿ?" ಎಂದು ಸುಮ್ಮನೆ ಕೇಳಿದವನಂತೆ ಕೇಳಿದೆ.

ಹುಡುಗನ ತಂದೆ ಒಂದು ಸಲ ಅತ್ತ ನೋಡಿ, "ಅದಾ? ಹಿಂದಿಂದು ಏನೋ ಪದ್ಧತಿ ಐತ್ರಿ. ಯಾರೋ ಹಿರ್ಯಾ ದಂಡಿಗೆ ಹೋಗಿದ್ನಂತ. ನನಗಷ್ಟ ಗೊತ್ತಿಲ್ರಿ, ಹೆಂಗಸರಿಗೆ ಗೊತ್ತು. ತಗೋರಿ, ಚೂಡಾ ತಗೋರಿ," ಅಂದ.

ಮನೆಯ ಯಜಮಾನ, ತನ್ನ ಹಿರಿಯರ ವಿಷಯ ತನಗೆ ಗೊತ್ತಿಲ್ಲ, ಹೆಂಗಸರಿಗೆ ಗೊತ್ತು ಅನ್ನುತ್ತಾನೆ! ಜಾರಿಕೊಳ್ಳುತ್ತಿದ್ದಾನೆ ಅಂತ ನನಗೆ ಅಲ್ಲೇ ಖಾತ್ರಿಯಾಯಿತು. ಚಹಾ ಕುಡಿದು ಎದ್ದು ಬಂದೆ.

ನಮ್ಮಲ್ಲಿ ಒಂದೇ ಮೂಲದ ಅಣ್ಣತಮ್ಮಂದಿರ ಮನೆಗಳಿಗೆ ಭಾವಕಿ ಅನ್ನುತ್ತಾರೆ. ಎಷ್ಟೇ ತಲೆಮಾರು ಕಳೆಯಲಿ, ಎಷ್ಟೇ ಊರು ಬದಲಾಗಲಿ, ಭಾವಕಿಯೊಳಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಹುಡುಗ ಹುಡುಗಿ ಅಣ್ಣ ತಂಗಿ ಆಗುತ್ತಾರೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಗುಂಗು. ಬಲಗೈ ಇಲ್ಲದವನನ್ನು ಯಾವ ದಂಡು ಇಟ್ಟುಕೊಳ್ಳುತ್ತದೆ? ಖಡ್ಗ ಹಿಡಿಯಲು ಬಾರದವನು ಪ್ರತಿ ದಸರೆಗೆ ಎಲ್ಲಿಗೆ ಹೋಗುತ್ತಿದ್ದ? ಚಿಕ್ಕಂದಿನಿಂದ ಆ ಕಥೆ ಕೇಳಿದ್ದೇನೆ, ನನಗೇ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಈಗ ಎಲ್ಲ ಕಣ್ಣಿಗೆ ಕಟ್ಟಿತು. ದಂಡಿಗೆ ಹೋಗುತ್ತೇನೆ ಎಂದು ತಿಕೋಟಾದ ಹೆಂಡತಿಯಿಂದ ಬುತ್ತಿ ಕಟ್ಟಿಸಿಕೊಂಡು, ಸೀದಾ ಬಬಲೇಶ್ವರಕ್ಕೆ ಬಂದು ಇನ್ನೊಬ್ಬಳ ಪಡಸಾಲೆಯಲ್ಲಿ ಕಾಲು ಚಾಚುತ್ತಿದ್ದ. ಮಳೆಗಾಲ ಬಂತೆಂದರೆ ಇಲ್ಲಿ ಬುತ್ತಿ ಕಟ್ಟಿಸಿಕೊಂಡು ತಿಕೋಟಾಕ್ಕೆ ಹೊರಡುತ್ತಿದ್ದ. ಎರಡೂ ಮನೆಗೆ ದಂಡಿನ ಹೆಸರು! ಅವನ ಕೈ ಕಾಳಗದಲ್ಲೇ ಹೋಯಿತೆಂದು ಏನು ಖಾತ್ರಿ? ಕಬ್ಬಿನ ಗಾಣಕ್ಕೆ ಸಿಕ್ಕಿ ಹೋದ ಕೈಗೂ ಕಾಳಗದ ಕಥೆ ಹೇಳಬಹುದು. ಕಾಣದ ಆ ಮುದುಕನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಬಬಲೇಶ್ವರ ರಸ್ತೆಯ ಉಬ್ಬುಗಳನ್ನೂ ಲೆಕ್ಕಿಸದೆ ಗಾಡಿ ಓಡಿಸಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. "ಯಾರಿಗೂ ಹೇಳಬ್ಯಾಡ್ರಿ. ಹುಡುಗಿಗಂತೂ ಹೇಳಬ್ಯಾಡ್ರಿ," ಅಂದಳು. ನನ್ನ ಮಗಳ ಮುಂದೆ ನಾನು ಏನು ಮುಚ್ಚಿಟ್ಟರೂ ನಿಲ್ಲುವುದಿಲ್ಲ. ಅವಳೂ ನನ್ನ ಹಾಗೇ, ಮುಖ ನೋಡಿಯೇ ತಳ ಮುಟ್ಟುತ್ತಾಳೆ. ಮರುದಿನ ಶಾಲೆಯಿಂದ ಬಂದವಳು ಚೀಲ ಇಡುವ ಮೊದಲೇ ಕೇಳಿದಳು, ನಾನು ಹೇಳಿಬಿಟ್ಟೆ.

"ಎಷ್ಟ್ ತಲಿ ಹಿಂದಿನ ಮಾತಪ್ಪಾ ಅದು?" ಅಂದಳು.

"ಎಷ್ಟ್ ತಲಿ ಆದ್ರೇನು? ಅಣ್ಣತಮ್ಮಂದ್ರು ಅಣ್ಣತಮ್ಮಂದ್ರ."

ಅವಳ ಕಣ್ಣು ತುಂಬಿದವು, ಆದರೆ ಅಳಲಿಲ್ಲ. ಹೆಗಲ ಚೀಲ ಇಳಿಸಿ ಮೇಜಿನ ಮೇಲೆ ಇಟ್ಟಳು. ಆಮೇಲೆ ಹೇಳಿದಳು, "ನೋಡಪ್ಪಾ, ಆ ಅಜ್ಜ ಯಾರು, ಅವರಿಗೂ ನಮಗೂ ಏನ್ ಸಂಬಂಧ ಅಂತ ಗೊತ್ತ್ ಮಾಡ್ಕೊಂಡ ಬಾ. ಭಾವಕಿ ಅನ್ನೂದು ಖರೇನ ಆತಂದ್ರ ನಾ ಅವನ ಹೆಸರು ಮತ್ತ ಎತ್ತಂಗಿಲ್ಲ. ಆದ್ರ ಬರೇ ನಿನ್ನ ಸಂಶೇಕ್ಕ ನಾ ಬಿಡಾಕಿ ಅಲ್ಲ."

ನ್ಯಾಯದ ಮಾತು. ಒಪ್ಪಿಕೊಂಡೆ. ಬನ್ನಿ ಹಬ್ಬದೊಳಗೆ ಗೊತ್ತು ಮಾಡುತ್ತೇನೆಂದೆ.

ಮೊದಲು ಊರಲ್ಲಿ ಮಾಜಿ ಸೈನಿಕರ ಕೆಲಸ ನೋಡುವ ಕಚೇರಿಗೆ ಹೋದೆ. ಅಲ್ಲಿ ಕೂತಿದ್ದವನೂ ದಂಡಿನಿಂದ ನಿವೃತ್ತನಾದವನೇ, ನೆಟ್ಟಗೆ ಕೂತಿದ್ದ. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ.

"ಪಲ್ಟಣ ಯಾವ್ದ್ರಿ?"

"ಗೊತ್ತಿಲ್ಲರಿ."

"ಹೆಸರು?"

"ದಂಡಿನ ಅಜ್ಜ ಅಂತೀವ್ರಿ."

ಅವನು ನಗಲಿಲ್ಲ, ಅದು ಅವನ ದೊಡ್ಡತನ. "ನೋಡ್ರಿ ಸಾಹುಕಾರ್ರ, ಕಾಗದಪತ್ರ ಅಷ್ಟ್ ಹಿಂದಕ್ಕ ಹೋಗಂಗಿಲ್ಲ. ನೀವು ಹೇಳೂ ಕಾಲದಾಗ ಒಬ್ಬೊಬ್ಬ ರಾಜಾಂದು ಒಂದೊಂದು ದಂಡು. ಸಿಪಾಯಿ ಹೆಸರು ಬರದಿಟ್ಟಿದ್ರೋ ಇಲ್ಲೋ, ಬರದಿಟ್ಟಿದ್ರ ಅದು ಉಳದೈತೋ ಇಲ್ಲೋ. ಯಾವ ರಾಜನ ಕಡೆ ಇದ್ದ ಅನ್ನೂದ ಗೊತ್ತಿಲ್ಲಂದ್ರ ಯಾವ ಕಪಾಟ ತಗೀಲ್ರಿ ನಾ?" ಅಂದು ಚಹಾ ತರಿಸಿದ. ಚಹಾ ಕುಡಿಸಿ ಕಳಿಸುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಕಪಾಟು ತೆಗೆಯುವ ಬೇಸರಕ್ಕೆ ಹೀಗೆ ಹೇಳುತ್ತಾನೋ ಅಂದುಕೊಂಡು ಮರುದಿನ ಮತ್ತೆ ಹೋದೆ. ಮತ್ತೆ ಚಹಾ ಕುಡಿಸಿದ. ಮಗಳು ತನ್ನ ಕಂಪ್ಯೂಟರಿನಲ್ಲಿ ಹುಡುಕಿದಳು, ಅಲ್ಲಿ ಸಿಕ್ಕಿದ್ದು ದೊರೆಗಳ ಹೆಸರುಗಳು, ಸರದಾರರ ಹೆಸರುಗಳು. ಬುತ್ತಿ ಕಟ್ಟಿಕೊಂಡು ಹೋದವರ ಹೆಸರು ಯಾವುದೂ ಇರಲಿಲ್ಲ.

ಆಮೇಲೆ ತಿಕೋಟಾದ ಹಿರಿಯರನ್ನು ಹಿಡಿದೆ. ನಮ್ಮ ಓಣಿಯಲ್ಲಿ ಒಬ್ಬರು ಆತ ಬಾದಶಹನ ದಂಡಿನಲ್ಲಿದ್ದ ಅಂದರು. ಇನ್ನೊಬ್ಬರು ಪೇಶ್ವೆಯವರ ಕಡೆ ಅಂದರು. ಮೂರನೆಯವರು ಬ್ರಿಟಿಷರ ವಿರುದ್ಧ ಕಾದಾಡಿದ ಅಂದರು, ಅವರ ತಮ್ಮ ಅಲ್ಲೇ ಕೂತಿದ್ದವರು, ಇಲ್ಲ, ಬ್ರಿಟಿಷರ ಪಗಾರದಲ್ಲೇ ಇದ್ದ ಅಂದರು. ಅಣ್ಣತಮ್ಮಂದಿರಿಬ್ಬರಿಗೂ ಅದರ ಮೇಲೆ ಬಿರುಸಿನ ಮಾತಾಯಿತು, ನಾನು ಬಂದದ್ದನ್ನೇ ಮರೆತರು. ಒಬ್ಬ ಕೈಯಿಲ್ಲದ ಮನುಷ್ಯನನ್ನು ಪ್ರತಿಯೊಬ್ಬರೂ ತಮಗೆ ಬೇಕಾದ ದಂಡಿಗೆ ಸೇರಿಸಿಕೊಂಡಿದ್ದರು. ಬಬಲೇಶ್ವರದಲ್ಲಿ ಅವನಿಗೆ ಮತ್ತೊಂದು ಮನೆ ಇತ್ತೇನ್ರಿ ಎಂದು ಕೇಳಿದರೆ ಮಾತ್ರ ಎಲ್ಲರೂ ಗಪ್‌ಚಿಪ್. ಗೊತ್ತಿಲ್ಲದ್ದಕ್ಕೆ ಸುಮ್ಮನಾದರೋ, ಗೊತ್ತಿದ್ದೂ ಸುಮ್ಮನಾದರೋ, ಅದನ್ನು ಮುಖ ನೋಡಿ ಹೇಳಲು ನನಗೂ ಆಗಲಿಲ್ಲ.

ಕೊನೆಗೆ ಉಳಿದವಳು ನನ್ನ ಅತ್ತಿ, ತಂದೆಯ ಅಕ್ಕ. ತಿಕೋಟಾದ ನಮ್ಮ ಹಳೆಯ ಮನೆಯಲ್ಲಿ ನನ್ನ ತಮ್ಮನ ಕುಟುಂಬದ ಜೊತೆ ಇದ್ದಾಳೆ. ಅವಳನ್ನು ಸೊಲ್ಲಾಪುರದ ಕಡೆ ಒಬ್ಬ ಎರಡನೇ ಸಂಬಂಧದವನಿಗೆ ಕೊಟ್ಟಿದ್ದರು. ಅವನು ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ, ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಅವಳೇ. ಹಲ್ಲು ಹೋಗಿವೆ, ಕಿವಿ ಚುರುಕಾಗಿವೆ.

ನಾನು ಹೋದಾಗ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ. ಬಬಲೇಶ್ವರ ಎಂದ ಕೂಡಲೇ ಅವಳ ಬೆರಳು ನಿಂತವು.

"ಅಗಸಿ ಬಾಜೂಕ ಇರೂ ಮನೀನ?"

"ಹೌದು. ನಿನಗ ಹೆಂಗ ಗೊತ್ತು?"

"ಊರಾಗ ಅಗಸಿ ಬಾಜೂಕ ಯಾರದರ ಮನಿ ಇರತಾವಲ್ಲ," ಎಂದು ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

"ಅತ್ತಿ, ನಮ್ಮ ಅಜ್ಜಂದು ಅಲ್ಲೊಂದು ಮನಿ ಇತ್ತೇನು? ನಿನಗ ಗೊತ್ತೈತಿ, ಹೇಳು."

"ನನಗೇನ್ ಗೊತ್ತಿಲ್ಲೋ ತಮ್ಮಾ. ನಮ್ಮ ಆಯೀನೂ ಏನೂ ಹೇಳಿಲ್ಲ, ನಮ್ಮ ಅವ್ವನೂ ಏನೂ ಹೇಳಿಲ್ಲ." ಆಯಿ ಅಂದರೆ ಅವಳ ಅಜ್ಜಿ. ಆಮೇಲೆ ನನ್ನ ಕಡೆ ನೋಡದೇ ಕೇಳಿದಳು, "ಹುಡುಗಿ ಏನಂತಾಳ?"

"ಖರೇ ಗೊತ್ತ್ ಮಾಡ್ಕೊಂಡ ಬಾ ಅಂತಾಳ."

"ಅಳಾಕತ್ತಾಳೇನು?"

"ನಮ್ಮ ಮುಂದ ಅಳಂಗಿಲ್ಲ."

ಮೊರದಲ್ಲಿ ಸುಲಿದ ಕಾಳು ಅಷ್ಟೇನೂ ಇರಲಿಲ್ಲ. ಆದರೂ ಎತ್ತಿ ಕೇರಿದಳು, ಊದಿದಳು, ಮತ್ತೆ ಕೇರಿದಳು. "ನಾಳೆ ನನ್ನ ಆ ಮನಿಗೆ ಕರ್ಕೊಂಡ ಹೋಗು," ಅಂದಳು.

ನನ್ನ ಕಿವಿ ನೆಟ್ಟಗಾದವು. ಮದುವೆಗೆ ಕರೆದರೆ ಮೊಣಕಾಲು ನೋವು ಅನ್ನುವವಳು, ಓಣಿ ದಾಟಿ ಅಂಗಡಿಗೂ ಹೋಗದವಳು, ತಾನಾಗಿ ಬಬಲೇಶ್ವರಕ್ಕೆ ಬರುತ್ತೇನೆ ಅನ್ನುತ್ತಾಳೆ! ಇವಳಿಗೆ ಎಲ್ಲ ಗೊತ್ತು, ಅಜ್ಜನ ಎರಡನೇ ಮನೆಯ ವಿಷಯ ಮುಚ್ಚಿಡುತ್ತಿದ್ದಾಳೆ ಎಂದು ಆ ಕ್ಷಣ ತೀರ್ಮಾನಿಸಿಬಿಟ್ಟೆ. ಮುಚ್ಚಿಟ್ಟವರೇ ಬಿಚ್ಚಲಿ ಎಂದು ಒಪ್ಪಿಕೊಂಡೆ.

ಮರುದಿನ ಅವಳು ಹಸಿರು ಇಳಕಲ್ಲ ಸೀರೆ ಉಟ್ಟು ನನಗಿಂತ ಮೊದಲೇ ಕಟ್ಟೆಗೆ ಬಂದು ಕೂತಿದ್ದಳು. ದಾರಿಯಲ್ಲಿ ಬಾಯಿ ಬಿಡಿಸಲು ಎಷ್ಟು ನೋಡಿದರೂ ದ್ರಾಕ್ಷಿ ತೋಟಗಳನ್ನೇ ನೋಡುತ್ತ ಕೂತಳು.

ಬಬಲೇಶ್ವರದ ಮನೆಯ ಹೊಸ್ತಿಲು ದಾಟಿ ಪಡಸಾಲೆಯಲ್ಲಿ ಒಂದು ಸಲ ನಿಂತಳು. ಗೂಟದಲ್ಲಿ ಗಂಟು ಇನ್ನೂ ತೂಗುತ್ತಿತ್ತು. ಅವಳು ಅದನ್ನು ನೋಡಿದಳು, ಎದುರಿನ ಗೋಡೆಯನ್ನು ನೋಡಿದಳು, ಆಮೇಲೆ ಹಾಸಿದ ಜಮಖಾನದ ಮೇಲೆ ಕೂತಳು. ಹುಡುಗ, ಅವನ ತಂದೆ, ತಾಯಿ ಬಂದು ಕೂತರು. ಹುಡುಗನ ಅಜ್ಜಿಯನ್ನೂ ಒಳಗಿಂದ ಕೈ ಹಿಡಿದು ಕರೆತಂದರು. ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ಅಳೆದು ನೋಡಿದರು. ನಾನು ಬಾಗಿಲ ಹತ್ತಿರ ಕೂತು ಎಲ್ಲರ ಮುಖವನ್ನೂ ಕಾಯುತ್ತಿದ್ದೆ.

"ಈ ಗಂಟು ಯಾರ್ ಕಟ್ಟತೀರಿ ಯಕ್ಕಾ?" ಅತ್ತಿ ಕೇಳಿದಳು.

"ಮೊದಲ ನಾ ಕಟ್ಟತಿದ್ನಿರಿ, ಈಗ ಸೊಸಿ ಕಟ್ಟತಾಳ," ಅಂದಳು ಅಜ್ಜಿ. "ನನಗ ನಮ್ಮತ್ತಿ ಕಲಿಸ್ಯಾರ. ಅವರಿಗೆ ಅವರತ್ತಿ. ಗಂಡಸರು ಇದನ್ನ ಮುಟ್ಟಂಗಿಲ್ರಿ. ಎಡಗೈಲೆ ಬಿಚ್ಚಾಕ ಬರಬೇಕು ಅಂತ ಅಷ್ಟ ಹೇಳ್ಯಾರ, ಯಾಕಂತ ಯಾರೂ ಹೇಳಿಲ್ಲ."

ಹಾಗಾದರೆ ಹುಡುಗನ ತಂದೆ ಅವತ್ತು ಜಾರಿಕೊಂಡದ್ದಲ್ಲ. ಖರೇನೇ ಅವನಿಗೆ ಗೊತ್ತಿರಲಿಲ್ಲ.

ಅತ್ತಿ ಸೆರಗು ಸರಿ ಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು, "ನಮ್ಮ ಮನ್ಯಾಗೂ ಇದ ಗಂಟು ಐತಿ. ನಮ್ಮಲ್ಲಿ ಗಂಡಸರು ಕಟ್ಟತಾರ, ಯಾಕಂದ್ರ ಅವ ನಮ್ಮ ಮನಿ ಹಿರ್ಯಾ. ನಿಮ್ಮಲ್ಲಿ ಹೆಂಗಸರು ಕಟ್ಟತೀರಿ. ಹೆಂಗಸರ ಕೈಯಾಗ ಬಂದದ್ದು ಎಲ್ಲಿಂದ ಬರತೈತಿ? ತವರಿಂದ. ನಮ್ಮ ಆಯಿ ಹೇಳತಿದ್ಲು, ದಂಡಿನ ಅಜ್ಜನ ಮಗಳನ್ನ ಬಬಲೇಶ್ವರಕ್ಕ ಕೊಟ್ಟಿದ್ರಂತ. ಅಪ್ಪ ದಂಡಿಂದ ಬರಲಿಲ್ಲಂತ ಆಕಿ ಗಂಡನ ಮನ್ಯಾಗೂ ಬುತ್ತಿ ಕಟ್ಟತಿದ್ಲಂತ. ಯಾ ಮನಿ ಅಂತ ನಮಗ ಗೊತ್ತಿರಲಿಲ್ಲ. ಇವತ್ತ ಗೊತ್ತಾತು. ನಮ್ಮ ಮನಿ ಹೆಣ್ಣ ಮೊದಲ ನಿಮ್ಮ ಮನ್ಯಾಗ ಬಂದಾಳ. ಮತ್ತೊಬ್ಬಾಕಿ ಬರಲಿ."

ಹುಡುಗನ ತಾಯಿ, "ಹಂಗಾರ ಬೀಗತನ ಹೊಸಾದಲ್ಲ ಬಿಡ್ರಿ!" ಎಂದು ಜೋರಾಗಿ ನಕ್ಕಳು. ಮಗಳ ಸಂತತಿಯಾದರೆ ಭಾವಕಿಯ ಮಾತೇ ಇಲ್ಲ, ಅಂಥ ಮನೆಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೆಮ್ಮೆ. ಸಕ್ಕರೆ ಬಂತು, ಎಲೆ ಅಡಿಕೆ ಬಂತು. ಹುಡುಗ ಅತ್ತಿಯ ಕಾಲಿಗೆ ಬಿದ್ದ. ಅವಳು ಅವನ ತಲೆಯ ಮೇಲೆ ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ನಾನು ಸಕ್ಕರೆ ಬಾಯಿಗೆ ಹಾಕಿಕೊಂಡೆ, ಆದರೆ ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ನಿನ್ನೆ ಕಟ್ಟೆಯ ಮೇಲೆ, ಆಯಿ ಏನೂ ಹೇಳಿಲ್ಲ ಅಂದವಳು ಇವಳೇ.

ಗಾಡಿ ಊರು ದಾಟಿದ ಮೇಲೆ ಶುರು ಮಾಡಿದೆ.

"ಅತ್ತಿ, ಒಂದ ಮಾತು. ಹೆಂಗಸರು ಕಟ್ಟತಾರಂದ್ರ ತವರಿಂದನ ಬಂದಿರಬೇಕು ಅಂತ ಏನೈತಿ? ಅಜ್ಜಂದು ಅಲ್ಲಿ ಎರಡನೇ ಹೇಣ್ತಿ ಇದ್ಲಂದ್ರ, ಆಕೀನೂ ಅವಗ ಬುತ್ತಿ ಕಟ್ಟಿ ಕೊಟ್ಟಿರಬೌದಲ್ಲ? ಆಕಿ ಸೊಸಿಗೆ ಕಲಿಸಿರಬೌದಲ್ಲ?"

"ಇರಬೌದು," ಅಂದಳು.

"ಹಂಗಾರ ಮಗಳನ್ನ ಕೊಟ್ಟಿದ್ದು?"

"ಯಾರಿಗೆ ಗೊತ್ತು?"

ನಾನು ಗಾಡಿಯನ್ನು ರಸ್ತೆಯ ಬದಿಗೆ ಹಾಕಿ ನಿಲ್ಲಿಸಿದೆ. "ನಿಮ್ಮ ಆಯಿ ಹೇಳತಿದ್ಲು ಅಂದಿ!"

"ಆಯಿ ಏನೂ ಹೇಳಿಲ್ಲ. ನಿನ್ನೆನ ಹೇಳಿದ್ನಲ್ಲ ನಿನಗ."

ನನಗೆ ತಡೆಯಲಾಗಲಿಲ್ಲ. ದೇವರಂಥ ಮಂದಿಯ ಮನೆಯಲ್ಲಿ ಕೂತು, ಅವರ ಸಕ್ಕರೆ ತಿಂದು, ಸುಳ್ಳು ಹೇಳಲು ನಾಲಿಗೆ ಹೇಗೆ ಬಂತು ಎಂದು ಕೂಗಾಡಿದೆ. ಅವಳು ಮುಗಿಯುವ ತನಕ ಕೇಳಿಸಿಕೊಂಡಳು. ಮಡಿಲಲ್ಲಿ ಕೈ ಇಟ್ಟುಕೊಂಡು, ಮುಂದಿನ ಗಾಜಿನ ಕಡೆ ನೋಡುತ್ತ ಹೇಳಿದಳು.

"ನನ್ನೂ ಆ ಮನಿಯವರು ಕೇಳಾಕ ಬಂದಿದ್ರೋ ತಮ್ಮಾ. ನಮ್ಮಪ್ಪ ಮನಿ ನೋಡಾಕ ಹೋದ. ಗೂಟದಾಗ ಗಂಟ ನೋಡಿದ. ಕೊಟ್ಟ ನೀರ ಸೈತ ಕುಡೀದಂಗ ಎದ್ದ ಬಂದ. ಭಾವಕಿ ಆಗತೈತಿ ಅಂತ ನಮ್ಮವ್ವಗ ಹೇಳಿದ್ದನ್ನ ನಾ ಬಾಗಲ ಹಿಂದ ನಿಂತ ಕೇಳಿದೆ. ಯಾರ್ ಕಟ್ಟತೀರಿ ಅಂತ ಒಂದ ಮಾತು ಕೇಳಲಿಲ್ಲ ಅಂವ. ಕೇಳಿದ್ರ ತಿರುವಿ ಹೇಳಾಕ ಒಂದ ದಾರಿ ಇತ್ತು. ಆಮ್ಯಾಲ ನನ್ನ ಎಲ್ಲಿ ಕೊಟ್ರು, ನಾ ಹೆಂಗ ಬಂದೆ, ಎಲ್ಲ ನಿನಗ ಗೊತ್ತೈತಿ."

ನನ್ನ ಅಜ್ಜ, ಅತ್ತಿಯ ತಂದೆ, ನನಗಿಂತ ಮೊದಲೇ ಆ ಪಡಸಾಲೆಯಲ್ಲಿ ಕೂತು, ಅದೇ ಗಂಟು ನೋಡಿ, ನನ್ನ ಹಾಗೇ ಎದ್ದು ಬಂದಿದ್ದ. ಇಷ್ಟು ವರ್ಷ ಅವಳನ್ನು ನೋಡುತ್ತ ಬಂದಿದ್ದೇನೆ. ಎಲ್ಲರನ್ನೂ ಅನುಮಾನಿಸು, ತಳ ಕೆದಕು ಅನ್ನುವ ನಾನು, ಇವಳ ಮನಸ್ಸಿನಲ್ಲಿ ಏನಿದೆ ಎಂದು ಒಂದು ಸಲವಾದರೂ ಕೇಳಿದವನಲ್ಲ. ನಾಚಿಕೆಯಾಯಿತು.

"ಹುಡುಗ ಹೆಂಗಿದ್ದ ಅತ್ತಿ?" ಎಂದು ಕೇಳಿದೆ. ಬೇರೆ ಏನು ಕೇಳಬೇಕೋ ತಿಳಿಯಲಿಲ್ಲ.

"ಆವಾಗ ನೋಡಿದ್ದಿಲ್ಲ. ಇವತ್ತ ನೋಡಿದೆ. ಗೋಡಿ ಮ್ಯಾಲ, ಫೋಟೋದಾಗ. ಮಾಲಿ ಹಾಕ್ಯಾರ." ಸೀರೆಯ ನೆರಿಗೆ ಸವರಿಕೊಂಡು ಹೇಳಿದಳು, "ಅಂಥಾ ಚೆಲುವ ಏನಲ್ಲ ಬಿಡು. ಆದ್ರ ಮಾರಿ ಮ್ಯಾಲ ನಗಿ ಐತಿ."

ನಾನು ಗಾಡಿ ಶುರು ಮಾಡಲಿಲ್ಲ. ಅವಳೇ ನನ್ನ ಮೊಣಕೈಗೆ ತಟ್ಟಿದಳು.

"ನನ್ನ ಸಲುವಾಗಿ ಸುಳ್ಳ ಹೇಳವರು ಯಾರೂ ಇರಲಿಲ್ಲೋ ಯಪ್ಪಾ. ನಡಿ, ಹೊತ್ತಾತು."

ಅವಳನ್ನು ತಿಕೋಟಾದಲ್ಲಿ ಇಳಿಸಿ ವಿಜಯಪುರಕ್ಕೆ ಬಂದೆ. ದಾರಿಯಲ್ಲಿ ಎರಡು ಬಗೆಯಾಗಿ ಯೋಚಿಸಿದೆ. ಅತ್ತಿ ಕಟ್ಟಿದ ಕಥೆಯೇ ಖರೇ ಇರಬಹುದು, ಯಾರು ಕಂಡಿದ್ದಾರೆ? ಸುಳ್ಳೂ ಇರಬಹುದು. ಅಜ್ಜನ ಹೆಸರೂ ಉಳಿದಿಲ್ಲ, ದಂಡೂ ಉಳಿದಿಲ್ಲ, ತೆಗೆದು ನೋಡಲು ಒಂದು ಕಪಾಟೂ ಇಲ್ಲ. ಉಳಿದಿರುವುದು ನನ್ನ ಅನುಮಾನ ಒಂದೇ. ಅದು ಸಾಯುವ ತನಕ ನನ್ನ ಜೊತೆಗೇ ಇರುತ್ತದೆ ಎಂದು ನನಗೆ ಗೊತ್ತು.

ಮಗಳು ಗೇಟಿನ ಹತ್ತಿರವೇ ನಿಂತಿದ್ದಳು. ಶಾಲೆಯ ಸೀರೆಯನ್ನೂ ಬದಲಿಸಿರಲಿಲ್ಲ. ನಾನು ಇಳಿಯುವ ತನಕ ತಾಳಿಕೊಂಡು, "ಏನಾತಪ್ಪಾ?" ಅಂದಳು.

"ಭಾವಕಿ ಅಲ್ಲ. ನಮ್ಮ ಅಜ್ಜನ ಮಗಳನ್ನ ಆ ಮನಿಗೆ ಕೊಟ್ಟಿದ್ರಂತ. ಅತ್ತಿಗೆ ಗೊತ್ತಿತ್ತು."

ಅವಳು ಹತ್ತಿರ ಬಂದು ನನ್ನ ಮುಖವನ್ನು ನೋಡಿದಳು. ಮಾಲು ಕೊಳ್ಳುವಾಗ ನಾನು ಎದುರಿನವನನ್ನು ನೋಡುತ್ತೇನಲ್ಲ, ಹಾಗೆ.

"ಖರೇನಪ್ಪಾ?"

"ಖರೇ," ಅಂದೆ. ಕಣ್ಣು ತೆಗೆಯಲಿಲ್ಲ.